ಸೀತಾಫಲದ ಮಾಲಪುರಿ ಕಹಿಯಾಗಿದ್ದಕ್ಕೆ ಖವಾ ಕಾರಣ ಅಲ್ಲ

ಹುಮನಾಬಾದ್ ಅಕ್ಕಾರೆ, ನಿಮ್ಮ ಫೋಟೋ ನೋಡಿದೆ. ಸೀತಾಫಲವನ್ನು ಮಿಕ್ಸಿಗೆ ಹಾಕಿ ಮಾಲಪುರಿ ಹಿಟ್ಟಿಗೆ ಕಲಸಿದ್ದೀರಿ. ಉಳಿದ ತಿರುಳನ್ನು ಪಾಕಕ್ಕೆ ಸುರಿದು ಕುದಿಸಿದ್ದೀರಿ. ಹಿಟ್ಟು ಎಣ್ಣೆಗೆ ಬಿದ್ದ ಕೂಡಲೇ ಬಲೆಯ ಹಾಗೆ ಹರಡಿತು, ಅಂಚು ಕಪ್ಪಾಯಿತು, ನುಂಗಿದ ಮೇಲೆ ಗಂಟಲಲ್ಲಿ ಕಹಿ ನಿಂತಿತು ಅಂತ ಬರೆದಿದ್ದೀರಿ. ಕೆಳಗೆ ಒಬ್ಬರು ಸಕ್ಕರೆ ಜಾಸ್ತಿ ಹಾಕಿ ಅಂದರು, ಇನ್ನೊಬ್ಬರು ಚಿಟಿಕೆ ಸೋಡಾ ಅಂದರು, ಮತ್ತೊಬ್ಬರು ಖವಾ ಹಳೆಯದಿರಬೇಕು ಅಂದರು. ಮೂರೂ ಮಾತು ಬಿಡಿ. ನಾನೂ ಒಂದು ದೀಪಾವಳಿಗೆ ಇದನ್ನೇ ಮಾಡಿ, ಖವಾ ಕೊಟ್ಟವನ ಜೊತೆ ಜಗಳ ಆಡಿ ಬಂದವಳು. ಪಾಪ, ಅವನದೇನೂ ತಪ್ಪಿರಲಿಲ್ಲ.

ಸೀತಾಫಲ ಬೆಂಕಿಗೆ ಆಗಿಬರದ ಹಣ್ಣು. ಅದರ ತಿರುಳು 55–60 ಡಿಗ್ರಿ ದಾಟಿದರೆ ಕಹಿ ಬಿಡಲು ಶುರು ಮಾಡುತ್ತದೆ. ಅಂದರೆ ಕುದಿಯುವುದೂ ಬೇಡ, ಕೈ ಸುಡುವಷ್ಟು ಬಿಸಿ ಸಾಕು. ನೀವು ಅದನ್ನು 160 ಡಿಗ್ರಿ ಎಣ್ಣೆಗೆ ಬಿಟ್ಟಿದ್ದೀರಿ, ಮೇಲೆ ಪಾಕದಲ್ಲೂ ಕುದಿಸಿದ್ದೀರಿ. ಇದಕ್ಕೆ ಎಷ್ಟು ಸಕ್ಕರೆ ಸುರಿದರೂ ಆ ಕಹಿ ಹೋಗಲ್ಲ. ಮೊದಲು ಸಿಹಿ ಹತ್ತುತ್ತದೆ, ಆಮೇಲೆ ಹಿಂದಿನಿಂದ ಕಹಿ ಬರುತ್ತದೆ. ಆ ಪಾಕ ಇನ್ನೂ ಇಟ್ಟಿದ್ದರೆ ಚೆಲ್ಲಿಬಿಡಿ. ಅದರಲ್ಲಿ ಶಂಕರಪೋಳಿ ಅದ್ದಬಹುದಾ ಅಂತ ಕೇಳಿದ್ದೀರಲ್ಲ, ಬೇಡ, ಅದೂ ಕೆಡುತ್ತದೆ.

ಹರಡಿದ್ದು ಬೇರೆ ಕಾರಣಕ್ಕೆ. ಈ ಹಣ್ಣಿನಲ್ಲಿ ನೂರಕ್ಕೆ ಸುಮಾರು 20 ಪಾಲು ಸಕ್ಕರೆಯೇ ಇರುತ್ತದೆ, ಉಳಿದದ್ದು ಹೆಚ್ಚು ಕಡಿಮೆ ನೀರು. ನೀವು ಹಿಟ್ಟಿಗೆ ಬೇರೆ ಸಕ್ಕರೆ ಹಾಕಿದ್ದೀರಿ. ಸಕ್ಕರೆ ಜಾಸ್ತಿಯಾದ ಹಿಟ್ಟು ಎಣ್ಣೆಯಲ್ಲಿ ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ, ಬಿಚ್ಚಿಕೊಳ್ಳುತ್ತದೆ. ಅಂಚು ಬೇಗ ಸೀದು ನಡುವೆ ಹಸಿ ಉಳಿಯುತ್ತದೆ. ಇದಕ್ಕೆ ಸೋಡಾ ಹಾಕಿದರೆ ಇನ್ನೂ ಹರಡುತ್ತದೆ, ಮೇಲೆ ಎಣ್ಣೆ ಕುಡಿಯುತ್ತದೆ. ಸೋಡಾ ಹಾಕಿ ಅಂದವರು ತಾವು ಒಮ್ಮೆ ಮಾಡಿ ಫೋಟೋ ಹಾಕಲಿ, ನೋಡೋಣ.

ಇನ್ನೊಂದು ಮಾತು, ಇದಕ್ಕೆ ಸ್ವಲ್ಪ ಬೈಯಲೇಬೇಕು. ಮಿಕ್ಸಿಗೆ ಹಾಕುವಾಗ ಬೀಜ ಪೂರ್ತಿ ತೆಗೆದಿದ್ದಿರಾ? ಫೋಟೋದಲ್ಲಿ ಕಪ್ಪು ಚೂರು ಕಾಣುತ್ತವೆ. ಸೀತಾಫಲದ ಬೀಜ ಇಡಿಯಾಗಿ ಹೊಟ್ಟೆಗೆ ಹೋದರೆ ಹಾಗೇ ಹೊರಗೆ ಬರುತ್ತದೆ. ಅರೆದ ಬೀಜ ವಿಷ. ಅದರ ಪುಡಿಯನ್ನು ತಲೆಯ ಹೇನಿಗೆ ಹಚ್ಚುತ್ತಿದ್ದರು, ಕಣ್ಣಿಗೆ ಬಿದ್ದು ಕಣ್ಣು ಹಾಳಾದ ಉದಾಹರಣೆಗಳಿವೆ. ಹೀಗಾಗಿ ಈ ಹಣ್ಣಿನ ವಿಷಯದಲ್ಲಿ ಮಿಕ್ಸಿಯನ್ನು ಮರೆತುಬಿಡಿ. ಮಕ್ಕಳಿಗೆ ಕೊಡೋದು ಅಲ್ವಾ.

ಹಾಗಾದರೆ ಸೀತಾಫಲದ ಮಾಲಪುರಿ ಆಗುವುದೇ ಇಲ್ಲವಾ? ಆಗುತ್ತದೆ. ಹಣ್ಣು ಹಿಟ್ಟಿನೊಳಗೆ ಹೋಗಬಾರದು, ಮೇಲೆ ಬರಬೇಕು. ಮಾಲಪುರಿ ಬೆಚ್ಚಗೆ, ಅದರ ಮೇಲೆ ತಣ್ಣಗಿನ ಸೀತಾಫಲ ಬಾಸುಂದಿ. ನಮ್ಮ ಮನೆಯಲ್ಲಿ ಈಗ ದಸರೆಯಿಂದ ದೀಪಾವಳಿ ತನಕ ಇದೇ ನಡೆಯುತ್ತದೆ.

ಬಾಸುಂದಿಗೆ ಗಟ್ಟಿ ಹಾಲು ಬೇಕು. ಎಮ್ಮೆ ಹಾಲು ಸಿಕ್ಕರೆ ಬೇರೆ ಮಾತೇ ಬೇಡ. ಪ್ಯಾಕೆಟ್ ಆದರೆ ನಂದಿನಿ ಸಮೃದ್ಧಿ, ಅದರಲ್ಲಿ 6 ಪರ್ಸೆಂಟ್ ಕೊಬ್ಬು ಇರುತ್ತದೆ. ಶುಭಂ ಕೂಡ ನಡೆಯುತ್ತದೆ, ಕುದಿಸುವ ಹೊತ್ತು ಜಾಸ್ತಿ ಆಗುತ್ತದೆ ಅಷ್ಟೇ. ನೀಲಿ ಪ್ಯಾಕೆಟ್ ತಂದು ಗ್ಯಾಸ್ ಸುಡಬೇಡಿ. ಅಗಲ ಬಾಯಿಯ ದಪ್ಪ ತಳದ ಪಾತ್ರೆ ತೆಗೆದುಕೊಳ್ಳಿ. 1 ಲೀಟರ್ ಹಾಲು 400 ಮಿಲಿ ಆಗುವ ತನಕ ಸಣ್ಣ ಉರಿ. ಕೆನೆ ಕಟ್ಟಿದ ಹಾಗೆಲ್ಲ ಸೌಟಿನಿಂದ ಪಾತ್ರೆಯ ಗೋಡೆಗೆ ಸರಿಸಿ ಅಂಟಿಸಿ. ಅದು ಅಲ್ಲೇ ಒಣಗುತ್ತಾ ಹೋಗಲಿ, ಕೊನೆಗೆ ಎಲ್ಲಾ ಕೆರೆದು ಹಾಲಿಗೆ ಬಿಡಿ. ಆ ಕೆನೆಯ ಪದರ ಹಲ್ಲಿಗೆ ಸಿಕ್ಕರೇ ಬಾಸುಂದಿ. ಮಿಲ್ಕ್‌ಮೇಡ್ ಹಾಕಿದರೆ ಹತ್ತು ನಿಮಿಷದ ಕೆಲಸ, ಗೊತ್ತು. ಆದರೆ ಅದರ ಸಿಹಿ ಒಂದೇ ನಮೂನೆ, ಸೀತಾಫಲದ ವಾಸನೆಯೇ ಮುಚ್ಚಿಹೋಗುತ್ತದೆ. ಸಕ್ಕರೆ 2 ಚಮಚ ಸಾಕು, ಹಣ್ಣೇ ಸಿಹಿ. ಏಲಕ್ಕಿ ಹಾಕಲೇಬೇಡಿ, ನನಗಂತೂ ಇದರಲ್ಲಿ ಏಲಕ್ಕಿ ಸೇರುವುದಿಲ್ಲ. ಹಾಕುವವರು ಹಾಕಿಕೊಳ್ಳಲಿ.

ಈಗ ಮುಖ್ಯ ಮಾತು. ಒಲೆ ಆರಿಸಿ, ಪಾತ್ರೆ ಪೂರ್ತಿ ತಣಿಯಲಿ. ಉಗುರು ಬೆಚ್ಚಗಿದ್ದರೂ ಕಾಯಿರಿ. ಫ್ರಿಜ್‌ನಲ್ಲಿ ಒಂದೆರಡು ತಾಸು ಇಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ತಿರುಳು. ಅದಕ್ಕೂ ಮೊದಲೇ ಹಣ್ಣು ಬಿಡಿಸಿ ಇಡಬೇಡಿ, ಗಾಳಿ ತಾಗಿ ಕಂದಾಗುತ್ತದೆ. ಹಣ್ಣು ಕಣ್ಣು ಬಿಟ್ಟಿರಬೇಕು, ತೊಟ್ಟಿನ ಹತ್ತಿರ ಒತ್ತಿದರೆ ಬೆರಳು ಒಳಗೆ ಹೋಗಬೇಕು. ಎರಡು ಹೋಳು ಮಾಡಿ ಚಮಚದಿಂದ ತಿರುಳು ತೆಗೆಯಿರಿ, ಸಿಪ್ಪೆಯ ತನಕ ಕೆರೆಯಬೇಡಿ. ಸಿಪ್ಪೆಗೆ ಅಂಟಿಕೊಂಡ ಭಾಗ ಮರಳು ಮರಳು, ಬಾಸುಂದಿ ತಿನ್ನುವಾಗ ಮಣ್ಣು ಕಚ್ಚಿದ ಹಾಗೆ ಆಗುತ್ತದೆ. ತಿರುಳನ್ನು ದೊಡ್ಡ ಕಣ್ಣಿನ ಜರಡಿಯ ಮೇಲೆ ಹಾಕಿ ಬೆರಳಿನಿಂದ ಗುಂಡಗೆ ತಿರುವಿ. ಬೀಜ ಮೇಲೆ ಉಳಿಯುತ್ತವೆ, ತಿರುಳು ಕೆಳಗೆ ಇಳಿಯುತ್ತದೆ. ಬೀಜಕ್ಕೆ ಒಂದಿಷ್ಟು ಅಂಟಿಕೊಂಡೇ ಇರುತ್ತದೆ, ಅದನ್ನು ಮಕ್ಕಳಿಗೆ ಚೀಪಲು ಕೊಡಿ. 400 ಮಿಲಿ ಬಾಸುಂದಿಗೆ ಒಂದು ಬಟ್ಟಲು ತಿರುಳು. ಕೈಯಿಂದ ಮೆಲ್ಲಗೆ ಕೂಡಿಸಿ, ಬೀಟರ್ ಬೇಡ.

ಬೀಜ ಬಿಡಿಸುವ ಕಾಟ ಬೇಡ ಅನ್ನುವವರು ಅರ್ಕಾ ಸಹನ್ ತಳಿಯ ಹಣ್ಣು ಸಿಕ್ಕರೆ ತನ್ನಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮಾಡಿದ ತಳಿ ಅದು, ಬೀಜ ಕಡಿಮೆ, ತಿರುಳು ದಪ್ಪ. ನನ್ನ ಕೇಳಿದರೆ ಗುಡ್ಡದಿಂದ ಕಿತ್ತು ಬುಟ್ಟಿಯಲ್ಲಿ ತಂದು ಮಾರುವ ಸಣ್ಣ ಹಣ್ಣಿನ ವಾಸನೆ ಅದಕ್ಕಿಲ್ಲ. ಬೀದರ್ ಕಡೆಯವರು ನೀವು, ಬುಟ್ಟಿ ಹಣ್ಣು ಬಿಟ್ಟು ಅದರ ಹಿಂದೆ ಯಾಕೆ ಹೋಗುತ್ತೀರಿ?

ಇನ್ನು ಮಾಲಪುರಿ. ಕಲಬುರಗಿ ಅಂಗಡಿಯಲ್ಲಿ ಸಿಗುವ ಖವಾ ಮಾಲಪುರಿ ಮನೆಯಲ್ಲಿ ಹಾಗೇ ಬರುವುದಿಲ್ಲ, ಆ ಕೈ ಬೇರೆ. ನಾನು ಹೇಳುವುದು ಹಿಟ್ಟು ಸುರಿದು ಮಾಡುವುದು. ಮೈದಾ 1 ಬಟ್ಟಲು, ಚಿರೋಟಿ ರವೆ ಕಾಲು ಬಟ್ಟಲು, ಖವಾ 100 ಗ್ರಾಂ, ಬಡೇಸೋಪು ಒಂದು ಚಮಚ ಅರೆಬರೆ ಕುಟ್ಟಿದ್ದು, ಹಾಲು ಒಂದೂಕಾಲು ಬಟ್ಟಲಿನ ಆಸುಪಾಸು. ಹಿಟ್ಟಿಗೆ ಸಕ್ಕರೆ ಒಂದೇ ಚಮಚ, ಬಣ್ಣಕ್ಕೆ ಮಾತ್ರ. ಸಿಹಿ ಪಾಕದಿಂದ ಬರಲಿ. ಖವಾವನ್ನು ಮೊದಲು ಬೆಚ್ಚನೆ ಹಾಲಿನಲ್ಲಿ ಅಂಗೈಯಿಂದ ತಿಕ್ಕಿ ಕರಗಿಸಿ, ಗಂಟು ಉಳಿದರೆ ಅದೇ ಜಾಗದಲ್ಲಿ ಮಾಲಪುರಿ ಒಡೆಯುತ್ತದೆ. ಒಂದು ತಾಸು ಮುಚ್ಚಿಡಿ, ರವೆ ಹಾಲು ಕುಡಿದು ಹಿಟ್ಟು ಗಟ್ಟಿಯಾಗುತ್ತದೆ, ಮತ್ತೆ ಒಂದೆರಡು ಚಮಚ ಹಾಲು ಬೇಕಾಗಬಹುದು. ಸೌಟು ಬಗ್ಗಿಸಿದರೆ ಹಿಟ್ಟು ನೂಲು ಹರಿಯದೆ ರಿಬ್ಬನ್ ಹಾಗೆ ಇಳಿಯಬೇಕು.

ಜಾಮೂನ್ ಮಿಕ್ಸ್ ಸೇರಿಸಿದರೆ ಮೆತ್ತಗೆ ಬರುತ್ತದೆ ಅಂತ ಯಾರೋ ಇಲ್ಲೇ ಹಿಂದೆ ಬರೆದಿದ್ದರು. ಅದರಲ್ಲಿ ಉಬ್ಬಿಸುವ ಪುಡಿ ಮೊದಲೇ ಇರುತ್ತದೆ, ಕಂಪನಿ ಯಾವುದಾದರೂ ಅಷ್ಟೇ. ಮತ್ತೆ ಅದೇ ಬಲೆ.

ಕಡಾಯಿ ತಳ ಸಪಾಟ ಇರಬೇಕು, ಜಿಲೇಬಿ ಕಡಾಯಿ ನಮೂನೆ. ಎಣ್ಣೆ ಎರಡು ಬೆರಳು ಆಳ ಸಾಕು. ಒಂದು ಹನಿ ಹಿಟ್ಟು ಬಿಟ್ಟು ನೋಡಿ. ತಳಕ್ಕೆ ಹೋಗಿ, ಸ್ವಲ್ಪ ತಡೆದು, ಗುಳ್ಳೆ ಏಳಿಸಿಕೊಂಡು ಮೇಲೆ ಬಂದರೆ ಸರಿ. ಬಿದ್ದ ಕೂಡಲೇ ಮೇಲೆ ಹಾರಿದರೆ ಉರಿ ಇಳಿಸಿ. ತಳದಲ್ಲೇ ಕೂತರೆ ಇನ್ನೂ ಕಾಯಿಸಿ. ಸೌಟನ್ನು ಎಣ್ಣೆಯ ಹತ್ತಿರ ತಂದು ಒಂದೇ ಜಾಗಕ್ಕೆ ಸುರಿಯಿರಿ, ಕೈ ತಿರುಗಿಸಬೇಡಿ, ತಾನೇ ದುಂಡಗಾಗುತ್ತದೆ. ತಾನಾಗಿ ತೇಲುವ ತನಕ ಝಾರಿ ಮುಟ್ಟಿಸಬೇಡಿ. ಮೊದಲು ಅಂಚಿಗೆ ಸಣ್ಣ ಸಣ್ಣ ತೂತು ಬೀಳುತ್ತವೆ, ಆಮೇಲೆ ಅಂಚು ಕಂದಾಗುತ್ತದೆ, ನಡುವೆ ಇನ್ನೂ ಬೆಳ್ಳಗಿರುತ್ತದೆ. ಆಗ ಮಗುಚಿ. ಮೊದಲ ಒಂದನ್ನು ಪರೀಕ್ಷೆಗೆ ಅಂತಲೇ ಇಟ್ಟುಕೊಳ್ಳಿ. ಹರಡಿದರೆ ಒಂದು ಚಮಚ ಮೈದಾ, ದಪ್ಪ ಬಂದರೆ ಒಂದು ಚಮಚ ಹಾಲು. ಮೊದಲನೆಯದು ಸರಿ ಬರದೆ ಎರಡನೆಯದು ಬಿಡಬೇಡಿ.

ಎಣ್ಣೆ ಯಾವುದು ಅಂತ ಕೇಳಿದ್ದೀರಿ. ತುಪ್ಪ ಎಲ್ಲಕ್ಕಿಂತ ಮೇಲು, ಖರ್ಚು ಜಾಸ್ತಿ. ಅರ್ಧ ತುಪ್ಪ ಅರ್ಧ ಸೂರ್ಯಕಾಂತಿ ಹಾಕಿದರೆ ಯಾರಿಗೂ ಗೊತ್ತಾಗಲ್ಲ. ಕುಸುಬಿ ಎಣ್ಣೆ ನಮ್ಮ ಕಡೆಯದು ಅನ್ನುವ ಅಭಿಮಾನ ನನಗೂ ಇದೆ. ಆದರೆ ಗಾಣದ ಕುಸುಬಿ ಎಣ್ಣೆಯ ವಾಸನೆ ಹಾಲಿನ ಸಿಹಿಗೆ ಒಗ್ಗಲ್ಲ, ಅದು ಪಲ್ಯಕ್ಕೇ ಇರಲಿ. ಡಾಲ್ಡಾ ಬೇಡವೇ ಬೇಡ, ತಣ್ಣನೆ ಬಾಸುಂದಿ ಮೇಲೆ ಬಿದ್ದ ಕೂಡಲೇ ಹೆಪ್ಪುಗಟ್ಟಿ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ.

ಪಾಕ ಒಂದೆಳೆಗಿಂತ ಸ್ವಲ್ಪ ಮೊದಲೇ ಇಳಿಸಿ, ಅಂಟಂಟು ಇದ್ದರೆ ಸಾಕು. ನಾಲ್ಕು ಹನಿ ನಿಂಬೆ ಹಿಂಡಿದರೆ ಸಕ್ಕರೆ ಮತ್ತೆ ಹರಳುಗಟ್ಟುವುದಿಲ್ಲ. ಮಾಲಪುರಿಯನ್ನು ಅದರಲ್ಲಿ ಮುಳುಗಿಸಿ ಒಂದು ನಿಮಿಷಕ್ಕೆ ತೆಗೆಯಿರಿ. ರಾತ್ರಿಯೆಲ್ಲ ನೆನೆಸುವುದು ಅಂಗಡಿಯವರ ಪದ್ಧತಿ, ಇದು ತೆಳುವು, ಹರಿದುಹೋಗುತ್ತದೆ. ತಟ್ಟೆಗೆ ಹಾಕಿ, ಕೈಗೆ ಬೆಚ್ಚಗೆ ಅನ್ನಿಸುವಷ್ಟು ಆರಲಿ, ಆಮೇಲೆ ಬಾಸುಂದಿ. ಇಲ್ಲೂ ಅವಸರ ಮಾಡಿ ಸುಡುವ ಮಾಲಪುರಿ ಮೇಲೆ ಸುರಿದರೆ ತಾಗಿದ ಪದರದಲ್ಲಿ ಕಹಿ ಬಂದೇ ಬರುತ್ತದೆ.

ಹಣ್ಣು ಹಿಟ್ಟಿನೊಳಗೇ ಇರಬೇಕು ಅನ್ನುವ ಹಟ ಇದ್ದರೆ ಬೇಸಿಗೆ ತನಕ ಕಾಯಿರಿ, ಮಾವಿನ ಹಣ್ಣಿನಲ್ಲಿ ಮಾಡಿ. ಮಾವು ಬೆಂಕಿ ತಡೆಯುತ್ತದೆ. ಬೇನಿಶಾನ್ (ಬಂಗನಪಲ್ಲಿ) ಒಳ್ಳೆಯದು, ಹುಳಿ ಕಡಿಮೆ, ನಾರಿಲ್ಲ. ರಸದ ಮಾವಾದರೆ ಸೋಸಿಕೊಳ್ಳಿ. ತಿರುಳನ್ನು ಮೊದಲು ಬಾಣಲೆಯಲ್ಲಿ ನೀರು ಆರುವ ತನಕ ಕೈಯಾಡಿಸಿ ಅರ್ಧಕ್ಕೆ ಇಳಿಸಿ, ತಣಿದ ಮೇಲೆ ಅರ್ಧ ಬಟ್ಟಲು ಹಿಟ್ಟಿಗೆ ಹಾಕಿ, ಅಷ್ಟೇ ಹಾಲು ಕಡಿಮೆ ಮಾಡಿ. ಸಕ್ಕರೆ ಆ ಒಂದು ಚಮಚವೂ ಬೇಡ. ಹುಳಿ ಹಣ್ಣು ಬೇಡ, ಹಾಲು ಒಡೆದು ಹಿಟ್ಟು ತರಿತರಿ ಆಗುತ್ತದೆ. ಏಲಕ್ಕಿ ಬಾಳೆಯೂ ನಡೆಯುತ್ತದೆ, ಒಂದು ಹಣ್ಣು ಸಾಕು, ಕಪ್ಪು ಚುಕ್ಕೆ ಬಂದದ್ದು. ಅನಾನಸ್, ಪಪ್ಪಾಯಿ ಹಸಿಯಾಗಿ ಹಾಲಿಗೆ ಕೂಡಿಸಿದರೆ ಅದೂ ಕಹಿಯಾಗುತ್ತದೆ, ಅಲ್ಲಿ ಕಥೆ ಉಲ್ಟಾ. ಅವನ್ನು ಮೊದಲು ಚೆನ್ನಾಗಿ ಬೇಯಿಸಿಯೇ ಹಾಕಬೇಕು.

ಖವಾ ಬಗ್ಗೆ ಅವರು ಪಟ್ಟ ಅನುಮಾನ ಈ ಸಲ ತಪ್ಪಾದರೂ ಹಬ್ಬದ ಮುಂದೆ ನೋಡಿ ತರುವುದು ಒಳ್ಳೆಯದೇ. ಚಿಟಿಕೆ ಖವಾ ನೀರಲ್ಲಿ ಕುದಿಸಿ, ಆರಿದ ಮೇಲೆ ಒಂದೆರಡು ಹನಿ ಟಿಂಚರ್ ಅಯೋಡಿನ್ ಬಿಡಿ. ನೀಲಿಗೆ ತಿರುಗಿದರೆ ಹಿಟ್ಟು ಬೆರೆಸಿದ್ದಾರೆ. ಪರೀಕ್ಷೆಗೆ ತೆಗೆದದ್ದು ಚೆಲ್ಲಿ.

ಬುಟ್ಟಿ ಹಣ್ಣು ಎಲ್ಲಾ ಒಂದೇ ದಿನ ಕಣ್ಣು ಬಿಡುತ್ತವೆ, ಏನು ಮಾಡೋದು ಅಂದಿರಲ್ಲ. ಬೀಜ ತೆಗೆದ ತಿರುಳಿಗೆ ಒಂದು ಬಟ್ಟಲಿಗೆ ಎರಡು ಚಮಚ ಸಕ್ಕರೆ ಕಲಸಿ, ಜಿಪ್ ಚೀಲದಲ್ಲಿ ತೆಳ್ಳಗೆ ಹರಡಿ, ಗಾಳಿ ಒತ್ತಿ ತೆಗೆದು ಫ್ರೀಜರ್‌ನಲ್ಲಿಡಿ. ಬೇಕಾದಾಗ ಕೆಳಗಿನ ಖಾನೆಯಲ್ಲಿ ಇಟ್ಟು ಕರಗಿಸಿ. ಬಿಸಿ ನೀರಲ್ಲಿ ಇಡಬೇಡಿ, ಯಾಕೆ ಅಂತ ಮತ್ತೆ ಹೇಳಬೇಕಾಗಿಲ್ಲ.