ಡೂಲಾಲಿ ಎಂದರೆ ನಮ್ಮ ದೇವಳಾಲಿಯೇ

ಪ್ರಶ್ನೆ: ಹಿಂಜವಡಿಯ ಕಂಪನಿಯೊಂದರಲ್ಲಿ ನನ್ನ ಕೆಲಸ. ಲಂಡನ್ ಟೀಮಿನ ಹಿರಿಯರೊಬ್ಬರು ಮಾತಿಗೊಮ್ಮೆ ಡೂಲಾಲಿ, ಡೆಕ್ಕೊ, ಕುಷಿ, ‘ಬಾಬ್ಸ್ ಯುವರ್ ಅಂಕಲ್’ ಅಂತಾರೆ. ಇವೆಲ್ಲ ನಮ್ಮ ದೇಶದಿಂದಲೇ ಹೋದವು ಅಂತ ಗೆಳೆಯನ ವಾದ. ನಿಜವೇ?
– ಓದುಗರೊಬ್ಬರು, ಪುಣೆ

ಉತ್ತರ: ಮೊದಲ ಮೂರು ನಿಜ. ನಾಲ್ಕನೆಯದು ಅಲ್ಲ.

ಮುಂಬೈಯಿಂದ ನಾಸಿಕಕ್ಕೆ ರೈಲಲ್ಲಿ ಹೋಗುವಾಗ ಇಗತ್‌ಪುರಿ ದಾಟಿದ ಮೇಲೆ, ನಾಸಿಕ್ ರೋಡಿಗಿಂತ ಮೊದಲು ದೇವಳಾಲಿ ಸ್ಟೇಶನ್ ಸಿಗುತ್ತದೆ. ಅಲ್ಲಿ ಬ್ರಿಟಿಷ್ ಸೈನ್ಯದ ದೊಡ್ಡ ಕ್ಯಾಂಪ್ ಇತ್ತು. ನೌಕರಿಯ ಅವಧಿ ಮುಗಿಸಿದ ಸಿಪಾಯಿಗಳು ಊರಿಗೆ ಹೋಗುವ ಹಡಗಿಗಾಗಿ ಅಲ್ಲೇ ಕಾಯಬೇಕಿತ್ತು. ಸೈನಿಕರನ್ನು ಒಯ್ಯುವ ಹಡಗುಗಳು ವರ್ಷವಿಡೀ ಇರುತ್ತಿರಲಿಲ್ಲ, ಚಳಿಗಾಲದ ಸೀಸನ್‌ನಲ್ಲಿ ಮಾತ್ರ; ಅದು ತಪ್ಪಿತೋ, ಬೇಸಿಗೆ, ಮಳೆಗಾಲ ಎರಡನ್ನೂ ಕೆಲಸವಿಲ್ಲದೆ ಸುಮ್ನೆ ಕೂತು ಕಳೆಯಬೇಕು. ಸೆಕೆ, ಮಲೇರಿಯಾ, ಕುಡಿತ, ಬೇಸರ. ಪಾಪ, ಕೆಲವರ ತಲೆ ಕೆಡುತ್ತಿತ್ತು. ಅದನ್ನೇ ಅವರು ‘ಡೂಲಾಲಿ ಟ್ಯಾಪ್’ ಅಂದರು. ಈ ಟ್ಯಾಪ್‌ಗೂ ನಲ್ಲಿಗೂ ಸಂಬಂಧವಿಲ್ಲ. ಜ್ವರ ಬಂದಾಗ ನಿಮ್ಮ ಪಕ್ಕದ ಮನೆಯ ಮರಾಠಿಯವರು ‘ತಾಪ್’ ಅಂತಾರಲ್ವಾ, ಅದೇ. ಆಮೇಲೆ ಟ್ಯಾಪ್ ಉದುರಿತು, ಡೂಲಾಲಿ ಉಳಿಯಿತು. ಇವತ್ತಿಗೂ ತಲೆ ಕೆಟ್ಟವನಿಗೆ ಇಂಗ್ಲೆಂಡಿನಲ್ಲಿ ‘ಗಾನ್ ಡೂಲಾಲಿ’ ಅನ್ನುತ್ತಾರೆ.

ಡೆಕ್ಕೊ ಅಂದರೆ ‘ದೇಖೋ’, ಒಮ್ಮೆ ಕಣ್ಣು ಹಾಯಿಸುವುದು. ಕುಷಿ ಅಂದರೆ ಆರಾಮದ ಕೆಲಸ, ಮೂಲ ಖುಷಿ. ಜೈಲಿಗೆ ಚೋಕಿ ಅಂತಾರೆ, ಅದು ನಮ್ಮ ಚೌಕಿ. ವಿಲಾಯಿತಿ ಹೋಗಿ ಬ್ಲೈಟಿ ಆಯಿತು, ಅಂದರೆ ಅವರ ಊರು, ಇಂಗ್ಲೆಂಡ್. ಮೊದಲನೇ ಮಹಾಯುದ್ಧದಲ್ಲಿ ಜೀವ ಉಳಿದು ಊರಿಗೆ ಕಳಿಸುವಷ್ಟು ಗಾಯವಾದರೆ ಅದು ‘ಬ್ಲೈಟಿ ಒನ್’. ಈ ಪದಗಳು ಪಂಡಿತರು ಒಯ್ದದ್ದಲ್ಲ. ಜ್ವರ, ಜೈಲು, ಹಗುರ ಕೆಲಸ, ಊರಿನ ನೆನಪು: ಸಾಮಾನ್ಯ ಸಿಪಾಯಿಯ ಬದುಕಲ್ಲಿ ಏನಿತ್ತೋ ಅದೇ ಅವನ ಬಾಯಲ್ಲಿ ಹಡಗು ಹತ್ತಿತು. ನನಗೆ ತುಂಬಾ ಇಷ್ಟವಾದ ಸಂಗತಿ ಇದು.

‘ಬಾಬ್ಸ್ ಯುವರ್ ಅಂಕಲ್’ ಅಂದರೆ ‘ಅಷ್ಟೇ, ಕೆಲಸ ಆಯ್ತು’. 1887ರಲ್ಲಿ ಬ್ರಿಟನ್ನಿನ ಪ್ರಧಾನಿ ರಾಬರ್ಟ್ (ಚುಟುಕಾಗಿ ಬಾಬ್) ಸಾಲಿಸ್‌ಬರಿ ತಮ್ಮ ಅಕ್ಕನ ಮಗ ಆರ್ಥರ್ ಬಾಲ್ಫೋರ್‌ಗೆ ಐರ್ಲೆಂಡಿನ ಉಸ್ತುವಾರಿ ಕೊಟ್ಟರು, ಅಲ್ಲಿಂದ ಬಂತು ಅನ್ನುವ ಕತೆಯಿದೆ. ನೇಮಕ ನಿಜ. ಆದರೆ ಆ ಮಾತು ಅಚ್ಚಿನಲ್ಲಿ ಸಿಗುವುದು 1920ರ ದಶಕದಿಂದ. ನಡುವೆ ಮೂವತ್ತು ವರ್ಷಕ್ಕೂ ಜಾಸ್ತಿ ಅಂತರ. ಹಾಗಾಗಿ ಕತೆಯನ್ನು ನಂಬಬೇಡಿ.

ಪ್ರಶ್ನೆ: ಮಗಳು ಲಂಡನ್‌ನಲ್ಲಿ ಓದುತ್ತಿದ್ದಾಳೆ. ಯಾರೋ ‘ಯೂಸ್ ಯುವರ್ ಲೋಫ್’ ಅಂದರಂತೆ. ಲೋಫ್ ಅಂದ್ರೆ ಬ್ರೆಡ್ ಅಲ್ವಾ?
– ಓದುಗರೊಬ್ಬರು, ಮಾಟುಂಗಾ

ಉತ್ತರ: ಬ್ರೆಡ್ಡೇ. ಪೂರ್ವ ಲಂಡನ್ನಿನ ಕಾಕ್ನಿ ಜನರ ಪ್ರಾಸದ ಆಟ ಇದು. ‘ಹೆಡ್’ಗೆ ಪ್ರಾಸ ‘ಲೋಫ್ ಆಫ್ ಬ್ರೆಡ್’. ಆಮೇಲೆ ಪ್ರಾಸವಿದ್ದ ಬ್ರೆಡ್ಡನ್ನೇ ಬಿಟ್ಟು ಲೋಫ್ ಮಾತ್ರ ಇಟ್ಟುಕೊಂಡರು, ಹೊರಗಿನವರಿಗೆ ಗೊತ್ತಾಗುವುದಾದರೂ ಹೇಗೆ! 1859ರ ಸ್ಲ್ಯಾಂಗ್ ನಿಘಂಟಿನಲ್ಲೇ ಈ ಆಟದ ವಿವರ ಇದೆ. ‘ಸ್ವಲ್ಪ ತಲೆ ಓಡಿಸು’ ಅಂದಿದ್ದಾರೆ ಅಷ್ಟೇ, ಬೈದದ್ದಲ್ಲ. ಬೇಜಾರು ಬೇಡ ಅಂತ ಮಗಳಿಗೆ ಹೇಳಿ.