ರೇಗುವುದನ್ನು ಬಿಟ್ಟವರು ಮಾತನ್ನೂ ಬಿಟ್ಟಿದ್ದರು

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

"ಮೇಡಂ, ನಾನೀಗ ಯಾರ ಮೇಲೂ ರೇಗಲ್ಲ. ಆದರೂ ಟೀಮಿನವರು ನನ್ನ ಹತ್ರ ಬರಲ್ಲ."

ನನ್ನ ಹತ್ರ ಸಲಹೆ ಕೇಳಿ ಬಂದ, ನಲವತ್ತರ ಆಸುಪಾಸಿನ ಇವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್. ಮೊದಲು ಮೀಟಿಂಗ್‌ನಲ್ಲಿ ಕೂಗಾಡುತ್ತಿದ್ದರಂತೆ. ಧ್ಯಾನ ಗುರು ಗೋಯೆಂಕಾ ಪರಂಪರೆಯ 10 ದಿನಗಳ ವಿಪಶ್ಯನ ಶಿಬಿರಕ್ಕೆ, ಅಂದರೆ ಮೌನದಲ್ಲಿದ್ದು ಉಸಿರು, ಮೈಯನ್ನು ಗಮನಿಸುವ ಧ್ಯಾನಕ್ಕೆ, ಹೋಗಿ ಬಂದರು, ಕೂಗಾಟ ನಿಂತಿತು. ಆದರೆ ಯಾರಾದರೂ ಕೆಲಸ ತಡ ಮಾಡಿದರೆ ಏನೂ ಹೇಳದೆ ರಾತ್ರಿ ಕೂತು ತಾವೇ ಮುಗಿಸುತ್ತಿದ್ದರು. ವರ್ಷದ ಕೊನೆಗೆ ಹೆಸರಿಲ್ಲದ ಫೀಡ್‌ಬ್ಯಾಕ್ ಬಂತು: "ನಾವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅನ್ನೋ ಥರ ಇರ್ತಾರೆ."

ನಿದ್ದೆ, ಊಟ, ಮನೆಯ ವಿಚಾರ ಮೊದಲು ಕೇಳಿದೆ. ಅಲ್ಲಿ ಆತಂಕಪಡುವಂಥದ್ದು ಇರಲಿಲ್ಲ. ಇದ್ದಿದ್ದರೆ ಧ್ಯಾನದ ಮಾತು ಬದಿಗಿಟ್ಟು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಆಫೀಸಿನಲ್ಲಿ 8 ವಾರದ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡುವ ಅಭ್ಯಾಸ) ಕೋರ್ಸೂ ನಡೆಯುತ್ತಿತ್ತು. "ಇದರಲ್ಲಿ ಅಸಲಿ ಯಾವುದು?" ಅಂತ ಕೇಳಿದರು. ಈ ಜಗಳ ಬೇಡ ಅಂದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಇಂಥ ತರಬೇತಿ ಶುರು ಮಾಡಿದ್ದು ಮ್ಯಾನೇಜರುಗಳಿಗಲ್ಲ, ವಾಸಿಯಾಗದ ನೋವಿನಿಂದ ನರಳುವ ರೋಗಿಗಳಿಗೆ. ಕಬಾಟ್-ಜಿನ್ ಕೂಡ ಝೆನ್ ಎಂಬ ಬೌದ್ಧ ಧ್ಯಾನ, ವಿಪಶ್ಯನಗಳಿಂದ ಕಲಿತವರೇ. ಆಫೀಸಿಗೆ ಬರುವಷ್ಟರಲ್ಲಿ ಅದು ಒತ್ತಡ ಇಳಿಸುವ ಮಾತ್ರೆಯಂತಾಗಿದೆ, ಅದು ಬೇರೆ ಮಾತು.

ನನಗೆ ಮುಖ್ಯ ಅನ್ನಿಸಿದ್ದು ಶಿಬಿರದ್ದೇ ಒಂದು ನಿಯಮ. ಅಲ್ಲಿ 10ನೇ ದಿನ ಮೌನ ಬಿಡಿಸುತ್ತಾರೆ, ಜನರ ನಡುವೆ ಮರಳುವ ಮುಂಚೆ ಮಾತಾಡಲಿ ಅಂತ. ಇವರಿಗೆ ಆ 10ನೇ ದಿನ ಇನ್ನೂ ಬಂದೇ ಇರಲಿಲ್ಲ!

ಹೇಗೆ ಮಾತಾಡಬೇಕು ಅನ್ನುವುದಕ್ಕೆ ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಸಂಸ್ಥೆಯ ಸರಳ ಕ್ರಮ ಹೇಳಿಕೊಟ್ಟೆ: ಯಾವ ಸಂದರ್ಭ, ಏನು ಮಾಡಿದರು, ಅದರಿಂದ ಏನಾಯಿತು. "ನೀನು ಯಾವಾಗಲೂ ಲೇಟು" ಅನ್ನಬಾರದು. "ಮಂಗಳವಾರದ ರಿಲೀಸ್‌ಗೆ ಕೋಡ್ ರಾತ್ರಿ ಹತ್ತಕ್ಕೆ ಬಂತು, ಟೆಸ್ಟಿಂಗ್‌ನವರು ಎರಡು ಗಂಟೆವರೆಗೆ ಕೂರಬೇಕಾಯ್ತು" ಅನ್ನಬೇಕು. ಆಮೇಲೆ "ಏನಾಯ್ತು?" ಅಂತ ಕೇಳಿ ಸುಮ್ಮನಾಗಬೇಕು.

ಶಿಬಿರದಲ್ಲಿ ಕಲಿತದ್ದು ಬೇಕಾಗುವುದು ಇಲ್ಲೇ. ಮಾತಿಗೆ ಮುಂಚೆ ಐದು ನಿಮಿಷ ಕೂತು ಮೈಯನ್ನು ಗಮನಿಸಿ ಅಂದೆ. ಎದೆ ಬಿಗಿಯುತ್ತಾ, ದವಡೆ ಗಟ್ಟಿಯಾಗುತ್ತಾ? ನೋಡಿ, ಅದು ಪೂರ್ತಿ ಇಳಿಯಲಿ ಅಂತ ಮಾತ್ರ ಕಾಯಬೇಡಿ. ಬಿಗಿತ ಇದ್ದರೂ ಮೆಲ್ಲಗೆ ಹೇಳಬಹುದು, ಅಲ್ವಾ?

ಇನ್ನೊಂದು ವಿಷಯಕ್ಕೆ ಧ್ಯಾನ ಮದ್ದೇ ಅಲ್ಲ. ಟೀಮಿನಲ್ಲಿ ಇಬ್ಬರು ಕಮ್ಮಿ ಇದ್ದರು. ಅದನ್ನು ಸಹಿಸಿಕೊಳ್ಳುವುದು ಶಾಂತಿಯಲ್ಲ, ಮೇಲಿನವರಿಗೆ ಬರೆದು ಕೇಳಿ ಅಂದೆ.

ಇವರು ಮೊದಲ ಸಲ ಹೀಗೆ ಹೇಳಿದಾಗ, ಕೋಡ್ ತಡ ಮಾಡಿದ್ದ ಹುಡುಗ ಮುಖ ಸಣ್ಣದು ಮಾಡಿಕೊಂಡನಂತೆ. ಇನ್ನೊಂದು ಟೀಮಿನಿಂದ ಬರಬೇಕಾದ ಅನುಮತಿ ಸೋಮವಾರ ಸಂಜೆವರೆಗೂ ಅವನಿಗೆ ಸಿಕ್ಕಿರಲಿಲ್ಲ ಅನ್ನುವುದು ಆಗ ಹೊರಬಂತು. ಈಗ ಆ ಅನುಮತಿಯ ಬೆನ್ನು ಹತ್ತುವುದು ಮ್ಯಾನೇಜರ್ ಕೆಲಸ. ಖಾಲಿ ಜಾಗಗಳಲ್ಲಿ ಒಂದಕ್ಕೆ ಒಪ್ಪಿಗೆ ಸಿಕ್ಕಿದೆ. ಇನ್ನೊಂದಕ್ಕೆ ಮುಂದಿನ ತಿಂಗಳು ಮತ್ತೆ ಬರೆಯುತ್ತಾರಂತೆ.