ಬಟ್ಟೆಯ ಕೆಳಗೆ ದಾರ ಗಂಟಾಗುವುದಕ್ಕೆ

ಅಕ್ಕಾ, ಗದಗದಲ್ಲಿ ಇಬ್ಬರು ಮಕ್ಕಳನ್ನು ನೋಡಿಕೊಳ್ಳುತ್ತಾ ಹೊಲಿಗೆ ಕಲಿಯುತ್ತಿದ್ದೀರಿ, ಬಟ್ಟೆಯ ಕೆಳಗಡೆ ದಾರ ಗಂಟಾಗುತ್ತದೆ, ಬಾಬಿನ್ (ಕೆಳಗಿನ ದಾರ ಸುತ್ತಿದ ಉರುಳೆ) ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಗಂಟು ಕಾಣುವುದು ಕೆಳಗೆ, ಆದರೆ ತಪ್ಪು ಹೆಚ್ಚಾಗಿ ಮೇಲಿನ ದಾರದ್ದು. ಬಟ್ಟೆಯನ್ನು ಒತ್ತಿ ಹಿಡಿಯುವ ಮಷಿನ್ ಪಾದ ಮೇಲೆತ್ತಿ ದಾರವನ್ನು ಮೊದಲಿಂದ ಪೋಣಿಸಿ. ಪಾದ ಕೆಳಗಿದ್ದರೆ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ನಡುವೆ ಕೂರುವುದೇ ಇಲ್ಲ. ಶುರು ಮಾಡುವಾಗ ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಎಳೆದು, ಮೂರ್ನಾಲ್ಕು ಹೊಲಿಗೆ ಬೀಳುವವರೆಗೆ ಹಿಡಿದುಕೊಳ್ಳಿ.

ಗುಳೇದಗುಡ್ಡದ ಖಣದಲ್ಲಿ ಜಂಪರ್ ಹೊಲಿಯುವ ಆಸೆ ಅಂದಿರಲ್ಲ, ಅದನ್ನು ಸದ್ಯ ಟ್ರಂಕಿನಲ್ಲೇ ಇಡಿ. ಮೊದಲು ಹಳೆ ಕಾಟನ್ ಸೀರೆಯಲ್ಲಿ ದಿಂಬಿನ ಕವರ್ ಮಾಡಿ. 17 ಇಂಚು ಅಗಲ, 27 ಇಂಚು ಉದ್ದದ ದಿಂಬಿಗೆ 18 ಇಂಚು ಅಗಲ, 62 ಇಂಚು ಉದ್ದದ ಒಂದೇ ತುಂಡು ಸಾಕು. ಎರಡು ತುದಿಗೂ ಒಂದೊಂದು ಇಂಚು ಮಡಚಿ ಹೊಲಿಯಿರಿ. ಆಮೇಲೆ ಬಟ್ಟೆಯನ್ನು ದಿಂಬಿನ 27 ಇಂಚು ಉದ್ದಕ್ಕೆ ಮಡಚಿ ಎರಡೂ ಬದಿ ಹೊಲಿದರೆ, ದಿಂಬನ್ನು ಒಳಗೆ ಹಿಡಿದಿಡಲು ತುದಿಗಳು ಒಂದರ ಮೇಲೊಂದು ಬರುವ ಆರು ಇಂಚು ಉಳಿಯುತ್ತದೆ. ಜಿಪ್ ಬೇಡ, ಗುಂಡಿ ಬೇಡ.

ಅರ್ಧ ಗಂಟೆ ಸಿಗುವುದೇ ಜಾಸ್ತಿ ಅಂದಿರಿ. ನಮ್ಮವ್ವ ಕೌದಿ ಹೊಲಿಯುತ್ತಿದ್ದದ್ದೂ ಹಾಗೇ, ರೊಟ್ಟಿ ಮುಗಿದ ಮೇಲೆ ಒಂದೆರಡು ಸಾಲು. ನಡುವೆ ಮಗು ಎದ್ದರೆ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ಏಳಿ, ಸಾಲು ಕದಲುವುದಿಲ್ಲ. ಕತ್ತರಿ ಮಾತ್ರ ಮೇಲಿನ ಗೂಡಿನಲ್ಲಿ ಇಡಿ.